ಮೇಷ್ಟ್ರನ್ನು ಕೇಳಿ: ಹಸಿರು ಮಿಣುಕಿದರೆ ಓಡಬೇಕೇ?

ಪ್ರಶ್ನೆ: ಮೇಷ್ಟ್ರೇ, ನನಗೆ 71 ವರ್ಷ, ಮಂಡಿನೋವು. ಮನೆ ಹತ್ತಿರದ ದೊಡ್ಡ ರಸ್ತೆಯಲ್ಲಿ ಪೆಲಿಕನ್ ಸಿಗ್ನಲ್ (ನಡೆದು ದಾಟುವವರು ಗುಂಡಿ ಒತ್ತಿ ಹಸಿರಿಗೆ ಕಾಯುವ ಸಿಗ್ನಲ್) ಇದೆ. ಅರ್ಧ ದಾಟುವಷ್ಟರಲ್ಲಿ ಹಸಿರು ಮನುಷ್ಯ ಮಿಣುಕುತ್ತಾನೆ, ಎದೆ ಡವಡವ ಅನ್ನುತ್ತದೆ. ವಾಪಸ್ ಬರಲೋ, ಓಡಲೋ? ಮೊಮ್ಮಗಳು, ‘ಕೆಂಪಿದ್ದರೂ ಎಲ್ಲರೂ ಇಳಿದಾಗ ಅವರ ಜೊತೆ ಬಂದುಬಿಡು ಅಜ್ಜಿ’ ಎನ್ನುತ್ತಾಳೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಅಮ್ಮಾ, ವಾಪಸ್ ಬರಬೇಡಿ, ಓಡಲೂಬೇಡಿ. ಮಿಣುಕುವ ಹಸಿರು ಇನ್ನೂ ಫುಟ್‌ಪಾತ್ ಮೇಲಿರುವವರಿಗೆ ‘ಈಗ ಇಳಿಯಬೇಡಿ’ ಎಂದು ಹೇಳುತ್ತದೆ. ಆಗಲೇ ಇಳಿದವರು ತಮ್ಮ ನಡಿಗೆಯಲ್ಲೇ ದಾಟಿ ಮುಗಿಸಬೇಕು. ನಡುವೆ ನಿಲ್ಲುವಷ್ಟು ಅಗಲದ ಡಿವೈಡರ್ ಇದ್ದರೆ ಅಲ್ಲಿ ನಿಂತು ಮುಂದಿನ ಹಸಿರಿಗೆ ಕಾಯಿರಿ.

ನಿಮ್ಮ ಎದೆ ಡವಗುಟ್ಟುವುದು ನಿಮ್ಮ ತಪ್ಪಿನಿಂದಲ್ಲ. ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದಾಗ, ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿದು ದಾಟುವ ಸಮಯದ ಲೆಕ್ಕ ಹಾಕಿಸುತ್ತಿದ್ದೆ. ನಾಲ್ಕು ಲೇನಿನ 14 ಮೀಟರ್ ರಸ್ತೆಗೆ ಸುಮಾರು 12 ಸೆಕೆಂಡು. ಕಳೆದ ವರ್ಷ ನಮ್ಮಕ್ಕನ ಕೈ ಹಿಡಿದು ಅಂಥದೇ ರಸ್ತೆ ದಾಟಿ ಗಡಿಯಾರ ನೋಡಿದೆ: 19 ಸೆಕೆಂಡು. ಆ 7 ಸೆಕೆಂಡು ನನ್ನ ಬೋರ್ಡಿನ ಮೇಲೆ ಎಂದೂ ಇರಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಸಿಂಗಪುರದಲ್ಲಿ 2009ರಿಂದ ಹಿರಿಯರು ಸಿಗ್ನಲ್ ಕಂಬಕ್ಕೆ ತಮ್ಮ ಕಾರ್ಡ್ ತಾಗಿಸಿದರೆ ಹಸಿರು ಕೆಲವು ಸೆಕೆಂಡು ಹೆಚ್ಚು ಉಳಿಯುವ ವ್ಯವಸ್ಥೆ ಇದೆ.

ಮೊಮ್ಮಗಳ ಮಾತು ಮಾತ್ರ ಕೇಳಬೇಡಿ. ಕೆಂಪಿನಲ್ಲಿ ಒಬ್ಬ ಇಳಿದರೆ ಪಕ್ಕದವರ ಕಾಲೂ ತಾನಾಗಿ ಇಳಿಯುತ್ತದೆ. ಆದರೆ ಮುಂದಿರುವವನು ಬೈಕಿನ ದೂರ ಅಳೆದಿರುವುದು ತನ್ನ ಕಾಲಿನ ವೇಗಕ್ಕೆ. ಅವನು ಆಚೆ ಸೇರಿದಾಗ ನೀವು ಎರಡನೇ ಲೇನಿನಲ್ಲಿರುತ್ತೀರಿ. ಹಾಗಂತ ಆ ಜನರನ್ನು ಬೈಯಲೂ ನನಗೆ ಮನಸ್ಸಿಲ್ಲ. ಅಮೆರಿಕದ ಹೆದ್ದಾರಿ ಎಂಜಿನಿಯರುಗಳ ಕೈಪಿಡಿಯೇ, 30 ಸೆಕೆಂಡಿಗಿಂತ ಹೆಚ್ಚು ಕಾಯಿಸಿದರೆ ಕೆಂಪಿನಲ್ಲೇ ನುಗ್ಗುವ ಸಾಧ್ಯತೆ ಹೆಚ್ಚು ಎನ್ನುತ್ತದೆ. ಗುಂಡಿ ಒತ್ತಿ ಎರಡು ನಿಮಿಷ ಬಿಸಿಲಲ್ಲಿ ನಿಂತವರು ಆ ಗುಂಡಿಯನ್ನು ನಂಬುವುದನ್ನೇ ಬಿಡುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು. ನೀವು ಬಂದಾಗಲೇ ಹಸಿರಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಕಾಯಿರಿ. ಹೊಸ ಹಸಿರು ಬಂದ ಮೇಲೂ ಪ್ರತಿ ಲೇನಿನ ಗಾಡಿ ನಿಂತಿದ್ದನ್ನು ಕಣ್ಣಾರೆ ನೋಡಿಯೇ ಹೆಜ್ಜೆಯಿಡಿ. ನಿಂತ ಬಸ್ಸಿನ ಮರೆಯಿಂದ ಸ್ಕೂಟರ್ ಬರುವುದುಂಟು. ಮೊಮ್ಮಗಳಿಗೂ ಒಂದು ಕೆಲಸ ಕೊಡಿ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಗುಂಡಿ ಒತ್ತಿದ ಮೇಲೆ ಎಷ್ಟು ಕಾದಿರಿ, ಹಸಿರು ಎಷ್ಟು ಹೊತ್ತಿತ್ತು, ನಿಮಗೆ ದಾಟಲು ಎಷ್ಟು ಬೇಕಾಯಿತು, ಮೂರನ್ನೂ ಬರೆದುಕೊಳ್ಳಲಿ. ಆ ಅಂಕಿಗಳೊಂದಿಗೆ ಟ್ರಾಫಿಕ್ ಪೊಲೀಸರಿಗೆ ಅರ್ಜಿ ಕೊಡಿ. ಕೊಡುವ ಮೊದಲು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಲೆಕ್ಕ ನೋಡಿ ನಾನೂ ಸಹಿ ಹಾಕಿ ಕೊಡುತ್ತೇನೆ.