ಬಿಜಿಎಂಐ ಟೂರ್ನಮೆಂಟ್‌ಗೆ ಯಾವ ರೈಫಲ್ ಹಿಡಿಯಬೇಕು?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯಲ್ಲಿ ನಿಮ್ಮ ಕಾಲೇಜ್ ಫೆಸ್ಟ್‌ಗೆ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಫೋನ್‌ನ ಶೂಟಿಂಗ್ ಗೇಮ್) ಟೂರ್ನಮೆಂಟ್ ಇಟ್ಟಿದ್ದಾರೆ. ನಾಲ್ಕು ಜನರ ಸ್ಕ್ವಾಡ್ ಕಟ್ಟಿದ್ದೀರಿ. ಎಂ416, ಎಕೆಎಂ, ಎಂ762 ಈ ಮೂರು ರೈಫಲ್‌ಗಳಲ್ಲಿ ಬೆಸ್ಟ್ ಯಾವುದು ಅಂತ ನಿಮ್ಮಲ್ಲೇ ಜಗಳ ಹತ್ತಿದೆ. ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ನಾನೂ ದಾವಣಗೆರೆಯವನೇ. ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದಾಗಿಂದ ಆಡುತ್ತಿದ್ದೇನೆ. ಈಗ ಕೆಲಸಕ್ಕೆ ಹೋಗುತ್ತೇನೆ, ಆದರೂ ರಾತ್ರಿ ಊಟ ಆದಮೇಲೆ ಹಳೇ ಸ್ಕ್ವಾಡ್ ಸೇರುತ್ತದೆ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ನಿಮ್ಮ ನಾಲ್ವರಲ್ಲಿ ಇಬ್ಬರಿಗೆ ಎಂ416. ಮನೆ ಒಳಗೆ ಮೊದಲು ನುಗ್ಗುವವನಿಗೆ ಎಂ762. ದೂರದಿಂದ ಹೊಡೆಯುವವನಿಗೆ ಬೋಲ್ಟ್ ಸ್ನೈಪರ್ (ಒಂದೊಂದೇ ಗುಂಡು ಹಾರಿಸುವ ದೂರದ ಗನ್) ಜೊತೆ ಎಕೆಎಂ. ನಾಲ್ಕೂ ಜನ ಒಂದೇ ಗನ್ ಹಿಡಿಯಲೇಬಾರದು.

ಯಾಕೆ ಅಂತ ಹೇಳಬೇಕಲ್ವಾ? ಮೊದಲು ಡ್ಯಾಮೇಜ್ ಲೆಕ್ಕ ನೋಡೋಣ, ಯಾಕೆಂದರೆ ಜಗಳ ಶುರುವಾಗುವುದೇ ಅಲ್ಲಿ. ಎಂ416 ಒಂದು ಗುಂಡಿಗೆ ಸುಮಾರು 40 ಡ್ಯಾಮೇಜ್ ಕೊಡುತ್ತದೆ. ಎಕೆಎಂ 47ರ ಆಸುಪಾಸು, ಎಂ762 ಅದಕ್ಕಿಂತ ಒಂದು ಕೂದಲು ಕಮ್ಮಿ. ಎಕೆಎಂ ಪಾರ್ಟಿಯವರು ಇಷ್ಟನ್ನೇ ನೋಡಿ ಎದೆ ತಟ್ಟಿಕೊಳ್ಳುತ್ತಾರೆ.

ಎನಿಮಿ ವೆಸ್ಟ್ (ಗುಂಡು ತಡೆಯುವ ಜಾಕೆಟ್) ಹಾಕಿರದಿದ್ದರೆ 100 ಹೆಲ್ತ್ ಮುಗಿಸಲು ಎಂ416ಗೂ ಮೂರು ಗುಂಡು ಬೇಕು, ಎಕೆಎಂಗೂ ಮೂರೇ ಬೇಕು. ಅಂದರೆ ಪ್ಯಾರಾಚೂಟ್‌ನಲ್ಲಿ ಇಳಿದ ತಕ್ಷಣದ ಫೈಟ್‌ನಲ್ಲಿ ಈ ಏಳು ನಂಬರ್ ಹೆಚ್ಚಿನಿಂದ ಏನೂ ಉಪಯೋಗ ಇಲ್ಲ. ಲೆವೆಲ್ 2 ವೆಸ್ಟ್ ಬಂದಾಗ ಕಥೆ ಬದಲಾಗುತ್ತದೆ. ಅದು 40 ಪರ್ಸೆಂಟ್ ಡ್ಯಾಮೇಜ್ ತಡೆಯುತ್ತದೆ. ಆಗ ಎಂ416 ಗುಂಡಿನ ಬೆಲೆ 24ಕ್ಕೆ ಇಳಿಯಿತು, ಐದು ಗುಂಡು ಬೇಕು. ಎಕೆಎಂ ಗುಂಡು 28ಕ್ಕೆ ನಿಲ್ಲುತ್ತದೆ, ನಾಲ್ಕು ಸಾಕು. ಎಂ762ಗೂ ನಾಲ್ಕು. ವೆಸ್ಟ್ ಸವೆಯುವುದು, ಕೈಕಾಲಿಗೆ ತಾಗುವುದು ಇದೆಲ್ಲ ಬಿಟ್ಟು ಹಾಕಿದ ದಪ್ಪ ಲೆಕ್ಕ ಇದು.

ಈಗ ಸ್ಪೀಡ್ ಸೇರಿಸಿ. ಎಂ416 ಮತ್ತು ಎಂ762 ಒಂದು ಗುಂಡಿಂದ ಇನ್ನೊಂದಕ್ಕೆ ಸುಮಾರು 0.086 ಸೆಕೆಂಡ್ ತೆಗೆದುಕೊಳ್ಳುತ್ತವೆ. ಎಕೆಎಂ ನಿಧಾನ, 0.1 ಸೆಕೆಂಡ್. ಎಂ416ನ ಐದನೇ ಗುಂಡು ಹೊರಡುವುದು 0.34 ಸೆಕೆಂಡಿಗೆ. ಎಕೆಎಂನ ನಾಲ್ಕನೆಯದು 0.3ಕ್ಕೆ. ಎಂ762ನ ನಾಲ್ಕನೆಯದು 0.26ಕ್ಕೆ. ಪೇಪರ್ ಮೇಲೆ ಎಂ416 ಕೊನೆಗೆ ಬಂತು, ಅಲ್ವಾ?

ಆದರೆ ಎಕೆಎಂನವನು ಒಂದೇ ಒಂದು ಗುಂಡು ಮಿಸ್ ಮಾಡಲಿ. ಅವನ ಟೈಮ್ 0.4 ಆಯಿತು. ಎಂ416 ಹಿಡಿದವನು ಐದೂ ತಾಗಿಸಿದರೆ ಅವನೇ ಗೆದ್ದ. ಎಕೆಎಂಗೆ ಗ್ರಿಪ್ (ಗನ್ ಅಲ್ಲಾಡದಂತೆ ಮುಂದೆ ಹಾಕುವ ಹಿಡಿ) ಹಾಕಲು ಜಾಗವೇ ಇಲ್ಲ. ಮೂತಿಗೆ ಒದೆತ ತಗ್ಗಿಸುವ ಕಾಂಪೆನ್ಸೇಟರ್, ಮ್ಯಾಗಜೀನ್, ಸ್ಕೋಪ್ ಇಷ್ಟೇ ಕೂರುತ್ತವೆ. ಸ್ಪ್ರೇ ಬಿಟ್ಟರೆ, ಅಂದರೆ ಬಟನ್ ಒತ್ತಿ ಹಿಡಿದು ಒಂದೇ ಸಮ ಹೊಡೆದರೆ, ನಾಲ್ಕನೇ ಗುಂಡಿನ ಹೊತ್ತಿಗೆ ಮೂತಿ ಆಕಾಶ ನೋಡುತ್ತಿರುತ್ತದೆ. ಒಂದೂ ಮಿಸ್ ಆಗದೆ ಹೊಡೆಯುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ನಿಮ್ಮ ಸ್ಕ್ವಾಡ್‌ನಲ್ಲಿ ಅಂಥವರು ಎಷ್ಟು ಜನ ಅಂತ ನೀವೇ ಹೇಳಬೇಕು.

ಎಂ762 ಲೆಕ್ಕ ಇನ್ನೂ ಮಜವಾಗಿದೆ. ಒಂದು ಗುಂಡು ಮಿಸ್ ಆದರೂ ಅದು 0.34ಕ್ಕೆ ಬಂದು ನಿಲ್ಲುತ್ತದೆ, ಅಂದರೆ ಒಂದೂ ಮಿಸ್ ಮಾಡದ ಎಂ416ಗೆ ಸಮ. ಒಂದು ತಪ್ಪಿಗೆ ಮಾಫಿ ಇದೆ. ಅದಕ್ಕೇ ಮನೆ ಒಳಗೆ, ಮೆಟ್ಟಿಲ ಮೇಲೆ, ಟಿಡಿಎಂ (ಎರಡು ತಂಡಗಳ ನೇರ ಫೈಟ್) ವೇರ್‌ಹೌಸ್‌ನಲ್ಲಿ ಅದು ರಾಕ್ಷಸ. ಆದರೆ ಅದು ಮೇಲಕ್ಕಷ್ಟೇ ಅಲ್ಲ, ಎಡಕ್ಕೂ ಬಲಕ್ಕೂ ಅಲ್ಲಾಡುತ್ತದೆ. ಮೇಲಕ್ಕೆ ಹೋಗುವುದನ್ನು ಹೆಬ್ಬೆರಳು ಕೆಳಗೆಳೆದು ತಡೆಯಬಹುದು. ಅಡ್ಡ ಅಲ್ಲಾಟಕ್ಕೆ ಗೈರೋ (ಫೋನ್ ಅಲ್ಲಾಡಿಸಿ ಗುರಿ ತಿರುಗಿಸುವ ಸೆನ್ಸರ್) ಇಲ್ಲದೆ ಆಡುವವರು ತುಂಬಾ ಒದ್ದಾಡುತ್ತಾರೆ. ಐವತ್ತು ಮೀಟರ್ ದಾಟಿತು ಅಂದರೆ ನಾನಂತೂ ಎಂ762 ಸ್ಪ್ರೇ ನಂಬುವುದಿಲ್ಲ.

ಇನ್ನು ಎಂ416 ಯಾಕೆ ಎಲ್ಲರ ಕೈಯಲ್ಲೂ ಕಾಣುತ್ತದೆ? ಅದಕ್ಕೆ ಐದೂ ಅಟ್ಯಾಚ್‌ಮೆಂಟ್ ಕೂರುತ್ತವೆ: ಮೂತಿ, ಗ್ರಿಪ್, ಮ್ಯಾಗಜೀನ್, ಸ್ಟಾಕ್ (ಹೆಗಲಿಗೆ ಒತ್ತುವ ಹಿಂಭಾಗ), ಸ್ಕೋಪ್. 5.56 ಗುಂಡು ಸಣ್ಣದು, ಒದೆತ ಕಮ್ಮಿ. ಕಾಂಪೆನ್ಸೇಟರ್, ವರ್ಟಿಕಲ್ ಗ್ರಿಪ್, ಟ್ಯಾಕ್ಟಿಕಲ್ ಸ್ಟಾಕ್ ಮೂರೂ ಸಿಕ್ಕವು ಅಂದರೆ ಅದು ಬೇರೆಯೇ ಗನ್. ಆದರೆ ಇದರ ಇನ್ನೊಂದು ಮುಖ ಯಾರೂ ಹೇಳುವುದಿಲ್ಲ. ಏನೂ ಹಾಕದ ಬೋಳು ಎಂ416 ಅಷ್ಟೇನೂ ದೊಡ್ಡ ಗನ್ ಅಲ್ಲ. ಇಳಿದು ಎರಡು ನಿಮಿಷದಲ್ಲೇ ಫೈಟ್ ಇದೆ, ಕೈಯಲ್ಲಿ ಬೋಳು ಎಂ416 ಇದೆ, ಪಕ್ಕದಲ್ಲಿ ಸ್ಕಾರ್-ಎಲ್ ರೈಫಲ್ ಬಿದ್ದಿದೆ ಅಂದರೆ ಹೊಸಬರಿಗೆ ನಾನು ಸ್ಕಾರ್ ಎತ್ತಿಕೋ ಅನ್ನುತ್ತೇನೆ. ಅದು ಸ್ವಲ್ಪ ನಿಧಾನ ಹೊಡೆಯುತ್ತದೆ, ಆದರೆ ಕೈ ಮಾತು ಕೇಳುತ್ತದೆ. ಅಟ್ಯಾಚ್‌ಮೆಂಟ್ ಸೇರಿದ ಮೇಲೆ ಬದಲಾಯಿಸಿಕೊಳ್ಳಿ. ಗನ್ ಹೆಸರು ನೋಡಿ ಪ್ರೀತಿ ಮಾಡಬೇಡಿ.

ಎಂ16ಎ4 ರೈಫಲ್ ಬಗ್ಗೆ ಒಂದೇ ಮಾತು: ಅದರಲ್ಲಿ ಆಟೋ ಇಲ್ಲ, ಸಿಂಗಲ್ ಮತ್ತು ಬರ್ಸ್ಟ್ (ಒಂದು ಒತ್ತಿಗೆ ಮೂರು ಗುಂಡು) ಮಾತ್ರ. ಬೇರೆ ಏನೂ ಸಿಗದಿದ್ದರೆ ಹಿಡಿಯಿರಿ.

ಯಾವುದು ನಿಮ್ಮ ಕೈಗೆ ಒಗ್ಗುತ್ತದೆ ಅಂತ ತಿಳಿಯಲು ಯೂಟ್ಯೂಬ್ ಬೇಡ. ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ. ಒಂದು ಗೋಡೆ ಹುಡುಕಿ, ಐವತ್ತು ಮೀಟರ್ ದೂರ ನಿಲ್ಲಿ, ಮೂರು ಗನ್‌ಗೂ ಒಂದೇ ಸ್ಕೋಪ್ ಹಾಕಿ, 30 ಗುಂಡಿನ ಮ್ಯಾಗಜೀನ್ ಪೂರ್ತಿ ಬಿಡಿ. ಗೋಡೆಯ ಮೇಲೆ ಗುರುತು ಉಳಿಯುತ್ತದೆ. ಒಬ್ಬ ಮನುಷ್ಯನ ಎದೆಯಷ್ಟು ಜಾಗದಲ್ಲಿ ಎಷ್ಟು ಬಿದ್ದವು ಎಣಿಸಿ. ಉದಾಹರಣೆಗೆ ಎಂ416ನಲ್ಲಿ 18 ಬಿದ್ದವು, ಎಕೆಎಂನಲ್ಲಿ 12 ಬಿದ್ದವು ಅಂದುಕೊಳ್ಳಿ. 18 ಇಂಟು 40 ಅಂದರೆ 720. 12 ಇಂಟು 47 ಅಂದರೆ 564. ನಿಮ್ಮ ಪಾಲಿಗೆ ಜಗಳ ಅಲ್ಲಿಗೆ ಮುಗಿಯಿತು. ನಿಮ್ಮ ಗೆಳೆಯನಿಗೆ ಇದು ಉಲ್ಟಾ ಬರಬಹುದು. ಬರಲಿ, ಅವನು ಎಕೆಎಂ ಹಿಡಿಯಲಿ. ನೂರು ಮೀಟರ್‌ನಲ್ಲೂ ಇದನ್ನೇ ಮಾಡಿ, ಆದರೆ ಎಕೆಎಂ ಅನ್ನು ಸಿಂಗಲ್‌ಗೆ ಹಾಕಿ ಒಂದೊಂದೇ ಟ್ಯಾಪ್ ಮಾಡಿ ನೋಡಿ. ದೂರಕ್ಕೆ ಅದರ ಗುಣ ಗೊತ್ತಾಗುವುದು ಟ್ಯಾಪ್ ಮಾಡಿದಾಗಲೇ.

ಈ ಪರೀಕ್ಷೆಯನ್ನು ಟೂರ್ನಮೆಂಟ್‌ನಲ್ಲಿ ಹಿಡಿಯುವ ಫೋನ್‌ನಲ್ಲೇ ಮಾಡಿ. ಮಧ್ಯಾಹ್ನದ ಹೊತ್ತಿನಲ್ಲೇ ಮಾಡಿ. ನಮ್ಮೂರ ಬೇಸಿಗೆ ನಿಮಗೆ ಹೇಳಬೇಕಾ? ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದ ಹಾಲ್‌ನಲ್ಲಿ ಎರಡು ಮ್ಯಾಚ್ ಆಡಿದರೆ ಫೋನ್ ದೋಸೆ ಹಂಚಿನ ಹಾಗೆ ಕಾಯುತ್ತದೆ. ಕಾದ ಪ್ರೊಸೆಸರ್ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ಇದ್ದದ್ದು ಜರ್ರನೆ ಇಳಿಯುತ್ತದೆ. ಆಗ ಬೆರಳು ಎಳೆದದ್ದಕ್ಕೂ ಗನ್ ಇಳಿದದ್ದಕ್ಕೂ ತಾಳ ತಪ್ಪುತ್ತದೆ. ಇದರ ಪೆಟ್ಟು ಜಾಸ್ತಿ ಬೀಳುವುದು ಎಂ762 ಹಿಡಿದವನಿಗೆ, ಕಮ್ಮಿ ಬೀಳುವುದು ಎಂ416 ಹಿಡಿದವನಿಗೆ. ನಿಮ್ಮಲ್ಲಿ ಯಾರ ಫೋನ್ ಹಳೆಯದೋ ಅವರಿಗೆ ಎಂ416 ಕೊಡಿ, ಅವರು ಎಷ್ಟೇ ಚೆನ್ನಾಗಿ ಆಡಲಿ. ಗ್ರಾಫಿಕ್ಸ್ ಸ್ಮೂತ್, ಫ್ರೇಮ್ ರೇಟ್ ಎಕ್ಸ್‌ಟ್ರೀಮ್ ಇಡಿ. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ, ಇನ್ನೂ ಬೇಗ ಕಾಯುತ್ತದೆ. ಹಿಂದಿನ ಕವರ್ ತೆಗೆದಿಡಿ. ಬೆವರುವ ಕೈಯವರು ಹೆಬ್ಬೆರಳ ಸ್ಲೀವ್ ತೆಗೆದುಕೊಳ್ಳಿ. ಮ್ಯಾಚ್ ಮಧ್ಯೆ ಮಂಡಕ್ಕಿ ಮೆಣಸಿನಕಾಯಿ ತರಿಸಬೇಡಿ ಮಾರಾಯ್ರೇ, ಎಣ್ಣೆ ಕೈಯಲ್ಲಿ ಸ್ಕ್ರೀನ್ ಮುಟ್ಟಿದರೆ ಸ್ಪ್ರೇ ಎಲ್ಲಿಗೆ ಹೋಗುತ್ತದೆ ದೇವರಿಗೇ ಗೊತ್ತು.

ಈಗ ಸ್ಕ್ವಾಡ್ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಅಸಲಿ ಉತ್ತರ ಇಲ್ಲಿದೆ. ನಾಲ್ಕೂ ಜನ ಎಂ416 ಹಿಡಿದಿರಿ ಅಂತ ಇಟ್ಟುಕೊಳ್ಳಿ. ಗೇಮ್ ಮ್ಯಾಪ್‌ನ ಪೊಚಿಂಕಿ ಊರಲ್ಲಿ ನಾಲ್ಕು ಮನೆ ಲೂಟ್ ಮಾಡಿದಿರಿ. 5.56 ಗುಂಡಿಗೆ ನಾಲ್ಕು ಜನ ಕಿತ್ತಾಡುತ್ತೀರಿ. ಎಕೆಎಂ, ಎಂ762ಗೆ ಬೇಕಾದ 7.62 ಗುಂಡು ನೆಲದ ಮೇಲೆ ಬಿದ್ದೇ ಇರುತ್ತದೆ. ಒಂದು ಕಾಂಪೆನ್ಸೇಟರ್ ಸಿಕ್ಕಿದರೆ ನಾಲ್ಕು ಕೈ ಮುಂದೆ ಬರುತ್ತವೆ. ಟ್ಯಾಕ್ಟಿಕಲ್ ಸ್ಟಾಕ್ ಕೂಡ ಹಾಗೇ. ಆಡುವ ಜಾಗ ಕುಗ್ಗುತ್ತಾ ಮೂರನೇ ಝೋನ್ ಬರುವ ಹೊತ್ತಿಗೆ ಒಬ್ಬನ ಗನ್ ಪೂರ್ತಿ ತಯಾರು, ಉಳಿದ ಮೂವರದ್ದು ಅರ್ಧಂಬರ್ಧ.

ಇಬ್ಬರು 5.56, ಇಬ್ಬರು 7.62 ಅಂತ ಮೊದಲೇ ಹಂಚಿಕೊಂಡರೆ ಇದು ತಪ್ಪುತ್ತದೆ. ಎಕೆಎಂನವನಿಗೆ ಗ್ರಿಪ್ಪೂ ಬೇಡ, ಸ್ಟಾಕೂ ಬೇಡ. ಎಂ762ನವನಿಗೆ ಸ್ಟಾಕ್ ಬೇಡ. ಸ್ಟಾಕ್ ಎರಡೂ ಎಂ416 ಇಬ್ಬರಿಗೇ ಹೋಗುತ್ತವೆ. ಗ್ರಿಪ್‌ನಲ್ಲಿ ಮೊದಲ ಪಾಲು ಎಂ762ಗೆ ಕೊಡಿ, ಅದು ಹೆಚ್ಚು ಕುಣಿಯುವ ಗನ್. ಯಾರಿಗೆ ಏನು ಬೇಕು ಅಂತ ನಾಲ್ವರಿಗೂ ಗೊತ್ತಿದ್ದರೆ ಲೂಟ್ ಕೂಡ ಬೇಗ ಮುಗಿಯುತ್ತದೆ.

ಸ್ನೈಪರ್‌ಗೆ ಎಕೆಎಂ ಯಾಕೆ ಅಂದರೆ, ಕಾರ್98 ಮತ್ತು ಎಂ24 ಬೋಲ್ಟ್ ಸ್ನೈಪರ್‌ಗಳೆರಡೂ 7.62 ಗುಂಡನ್ನೇ ತಿನ್ನುತ್ತವೆ. ಬ್ಯಾಗ್‌ನಲ್ಲಿ ಒಂದೇ ತರಹದ ಗುಂಡು ಹೊತ್ತರೆ ಸಾಕು. ಉಳಿದ ಜಾಗಕ್ಕೆ ಒಂದಷ್ಟು ಸ್ಮೋಕ್, ಫಸ್ಟ್ ಏಡ್ ಹೆಚ್ಚು ಬರುತ್ತವೆ. ಡಿಎಂಆರ್ (ಬೇಗ ಬೇಗ ಹೊಡೆಯುವ ದೂರದ ರೈಫಲ್) ಇಷ್ಟಪಡುವವರಾದರೆ ಎಸ್‌ಕೆಎಸ್, ಎಸ್‌ಎಲ್‌ಆರ್ ಕೂಡ 7.62. ಮಿನಿ14 ಮಾತ್ರ 5.56, ಅದು ಎಂ416 ಹಿಡಿದವನ ಎರಡನೇ ಗನ್ ಆಗಲಿ. ಏರ್‌ಡ್ರಾಪ್‌ನಲ್ಲಿ (ವಿಮಾನ ಉದುರಿಸುವ ಪೆಟ್ಟಿಗೆ) ಸಿಗುವ ಎಡಬ್ಲ್ಯೂಎಂ ಸ್ನೈಪರ್ ಬಗ್ಗೆ ಕನಸು ಕಾಣಬೇಡಿ. ಏರ್‌ಡ್ರಾಪ್ ನಂಬಿಕೊಂಡು ಪ್ಲಾನ್ ಮಾಡುವವರು ಡ್ರಾಪ್ ಹತ್ತಿರವೇ ಸಾಯುತ್ತಾರೆ.

ಸ್ಕೋಪ್ ವಿಷಯದಲ್ಲಿ ನನ್ನದು ಹಳೇ ಹಟ. ಎಂ762ಗೆ ದೊಡ್ಡದು ಮಾಡಿ ತೋರಿಸದ ರೆಡ್ ಡಾಟ್ ಅಥವಾ ಹೋಲೋ, ಅಷ್ಟೇ. ಎಂ416ಗೆ 3ಎಕ್ಸ್ (ಮೂರು ಪಟ್ಟು ಹತ್ತಿರ ತೋರಿಸುವ ಸ್ಕೋಪ್). 3ಎಕ್ಸ್ ಸಿಗದೆ 6ಎಕ್ಸ್ ಸಿಕ್ಕಿದರೆ ಅದನ್ನೇ ಹಾಕಿ 3ಕ್ಕೆ ಇಳಿಸಿಕೊಳ್ಳಿ, ಆ ಆಯ್ಕೆ ಅದರಲ್ಲಿದೆ. 4ಎಕ್ಸ್ ಅನ್ನು ಸ್ಪ್ರೇಗೆ ಹಾಕಿ ಒದ್ದಾಡುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಯೂಟ್ಯೂಬ್‌ನವರು ಯಾಕೆ ಒಂದೊಂದು ಹೇಳುತ್ತಾರೆ ಅಂತ ಕೇಳಿದ್ದಿರಿ. ಎರಡು ಕಾರಣ. ಒಂದು, ಈ ಗೇಮ್ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ತೆಗೆದರು, 2023ರ ಮೇ ತಿಂಗಳಲ್ಲಿ ವಾಪಸ್ ಬಂತು. ಈ ನಡುವೆ ಅಪ್‌ಡೇಟ್‌ಗಳಲ್ಲಿ ಗನ್‌ಗಳನ್ನು ತಿದ್ದುತ್ತಲೇ ಇದ್ದಾರೆ. ವಿಡಿಯೋ ಯಾವ ವರ್ಷದ್ದು ಅಂತ ಮೊದಲು ನೋಡಿ. ಎರಡು, ಆ ಪ್ರೊ ಪ್ಲೇಯರ್ ಆಡುವುದು ಎಸಿ ರೂಮಿನಲ್ಲಿ, ದುಬಾರಿ ಫೋನ್‌ನಲ್ಲಿ, ನಾಲ್ಕು ಬೆರಳಲ್ಲಿ, ಪೂರ್ತಿ ಗೈರೋ ಹಾಕಿಕೊಂಡು. ಅವನಿಗೆ ಎಂ762 ಬೆಸ್ಟ್ ಅನ್ನಿಸಿದ್ದು ಸುಳ್ಳಲ್ಲ. ಎರಡು ಹೆಬ್ಬೆರಳಲ್ಲಿ ಆಡುವ ನಮಗೆ ಅದು ಅನ್ವಯಿಸುವುದಿಲ್ಲ, ಅಷ್ಟೇ.

ಹಾಗೇ ಗನ್ ಸ್ಕಿನ್, ಅಂದರೆ ಗನ್‌ಗೆ ಹಾಕುವ ಅಲಂಕಾರದ ಬಣ್ಣ. ಎಂ416 ಗ್ಲೇಸಿಯರ್ ಹಾಕಿದರೆ ಡ್ಯಾಮೇಜ್ ಹೆಚ್ಚುತ್ತದೆ ಅಂತ ನಂಬಿದವರು ಈಗಲೂ ಸಿಗುತ್ತಾರೆ. ಒಂದು ಪಾಯಿಂಟ್ ಕೂಡ ಹೆಚ್ಚುವುದಿಲ್ಲ. ಆ ದುಡ್ಡಲ್ಲಿ ನಾಲ್ವರೂ ತಿಂಗಳುಗಟ್ಟಲೆ ಬೆಣ್ಣೆ ದೋಸೆ ತಿನ್ನಬಹುದು. ರಿಕಾಯ್ಲ್ (ಒದೆತ) ಇಲ್ಲದ ಹಾಗೆ ಗೇಮ್ ತಿದ್ದುವ ಕಾನ್ಫಿಗ್ ಫೈಲ್ ಕೊಡುತ್ತೇನೆ ಅಂತ ಯಾರಾದರೂ ಬಂದರೆ ಬ್ಲಾಕ್ ಮಾಡಿ. ಐಡಿ ಬ್ಯಾನ್ ಆದರೆ ಟೂರ್ನಮೆಂಟ್‌ಗೆ ಮುಂಚೆಯೇ ಮನೆಗೆ.

ಪ್ರಶ್ನೆಯ ಕೊನೆಗೆ ನಿಮ್ಮ ಗೆಳೆಯರು ಗೇಮಿಂಗ್ ಕೆಫೆಯಲ್ಲಿ ವ್ಯಾಲೊರೆಂಟ್ ಎಂಬ ಕಂಪ್ಯೂಟರ್ ಶೂಟಿಂಗ್ ಗೇಮ್ ಕೂಡ ಆಡುತ್ತಾರೆ, ಅಲ್ಲಿ ರೈಫಲ್ ವ್ಯಾಂಡಲ್ಲಾ ಫ್ಯಾಂಟಮ್ಮಾ ಅಂತ ಕೇಳಿದ್ದೀರಿ. ಎರಡೂ 2900 ಕ್ರೆಡಿಟ್ (ಆಟದೊಳಗಿನ ದುಡ್ಡು). ಅಲ್ಲಿ ಹೆಲ್ತ್ 100, ಹೆವಿ ಶೀಲ್ಡ್ 50, ಒಟ್ಟು 150. ವ್ಯಾಂಡಲ್ ತಲೆಗೆ ತಾಗಿದರೆ ಎಷ್ಟು ದೂರದಿಂದಾದರೂ 160, ಒಂದೇ ಏಟಿಗೆ ಆಸಾಮಿ ಹೋದ. ಫ್ಯಾಂಟಮ್ ಹತ್ತಿರದಲ್ಲಿ 156 ಕೊಡುತ್ತದೆ, ದೂರ ಹೋದಂತೆ 150ಕ್ಕಿಂತ ಕೆಳಗೆ ಇಳಿಯುತ್ತದೆ, ಆಗ ಒಂದು ಹೆಡ್‌ಶಾಟ್ ಸಾಲದು. ಅದರ ಬದಲಿಗೆ ಫ್ಯಾಂಟಮ್‌ನಲ್ಲಿ 30 ಗುಂಡು, ವ್ಯಾಂಡಲ್‌ನಲ್ಲಿ 25. ಫ್ಯಾಂಟಮ್ ಬೇಗ ಹೊಡೆಯುತ್ತದೆ, ಸೈಲೆನ್ಸರ್ ಇದೆ, ಸ್ಮೋಕ್ ಒಳಗಿಂದ ಹೊಡೆದರೆ ಎಲ್ಲಿಂದ ಬಂತು ಅಂತ ತಿಳಿಯುವುದು ಕಷ್ಟ. ತಲೆಗೇ ಗುರಿ ಇಟ್ಟು ಟ್ಯಾಪ್ ಮಾಡುವವರು ವ್ಯಾಂಡಲ್, ಸ್ಪ್ರೇ ಮಾಡುವವರು ಫ್ಯಾಂಟಮ್. ಅಲ್ಲೂ ನಿಮ್ಮ ಕೈ ನೋಡಿಯೇ ಆರಿಸಬೇಕು.

ಟೂರ್ನಮೆಂಟ್‌ಗೆ ಮುಂಚಿನ ಒಂದು ವಾರ ಸೆನ್ಸಿಟಿವಿಟಿ ಸೆಟ್ಟಿಂಗ್ (ಬೆರಳು ಎಳೆದಾಗ ಗುರಿ ಎಷ್ಟು ತಿರುಗಬೇಕು ಅನ್ನುವುದು) ಮುಟ್ಟಬೇಡಿ. ಯಾರದೋ ಕೋಡ್ ಕಾಪಿ ಮಾಡಲೂ ಹೋಗಬೇಡಿ. ಗನ್ ಹಂಚಿಕೆ ಬದಲಾಯಿಸಬೇಕು ಅನ್ನಿಸಿದರೆ ಇವತ್ತೇ ಮಾಡಿ, ಟ್ರೈನಿಂಗ್ ಗ್ರೌಂಡ್‌ನ ಗುರುತು ಎಣಿಸಿದ ಮೇಲೆ. ನಾಲ್ವರ ಎಣಿಕೆ ಮತ್ತು ಫೋನ್ ಮಾಡೆಲ್ ಇಲ್ಲೇ ಬರೆದು ಹಾಕಿದರೆ ಯಾರಿಗೆ ಯಾವುದು ಅಂತ ನಾನೂ ನೋಡಿ ಹೇಳುತ್ತೇನೆ.