ನಲವತ್ತೈದಾಯ್ತು, ಗೇಮ್ ಹುಚ್ಚು ಬಿಟ್ಟಿಲ್ಲ. ಕೈ ಮಾತ್ರ ಮೊದಲಿನಂತೆ ಓಡುತ್ತಿಲ್ಲ, ಯಾಕೆ?

ವಯಸ್ಸಿನಿಂದಲೇ. ಆದರೆ ಅದು ಈಗ ಶುರುವಾದದ್ದಲ್ಲ. ಸ್ಟಾರ್‌ಕ್ರಾಫ್ಟ್ 2 ಎಂಬ ವೇಗದ ಯುದ್ಧದ ಕಂಪ್ಯೂಟರ್ ಗೇಮ್ ಆಡುವವರ ಬಗ್ಗೆ 2014ರಲ್ಲಿ ಬಂದ ಅಧ್ಯಯನದಲ್ಲಿ 24ರ ಸುಮಾರಿಗೇ ವೇಗ ಇಳಿಯತೊಡಗಿತ್ತು! ಹಿರಿಯರು ಸರಳ ತಂತ್ರ ಹಿಡಿದು ಅದನ್ನು ಸರಿದೂಗಿಸಿಕೊಳ್ಳುತ್ತಿದ್ದರು.

ಕಾರವಾರದಲ್ಲಿ ನಾವೆಲ್ಲ ಕ್ಯಾಸೆಟ್‌ನ ಬುಡಕ್ಕೆ ಉಫ್ ಎಂದು ಊದಿ ಮಾರಿಯೋ ಆಡಿದವರು. ಆ ಹೊಂಡಗಳನ್ನು ಬೆರಳು ಈಗಲೂ ಕಣ್ಣುಮುಚ್ಚಿ ಹಾರುತ್ತದೆ. ಹೊಸ ಶೂಟಿಂಗ್ ಗೇಮಿನಲ್ಲಿ ಮಾತ್ರ ಮಗಳು ನನ್ನನ್ನು ನಿಂತಲ್ಲೇ ಉರುಳಿಸುತ್ತಾಳೆ. ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ?

ಸಿವಿಲೈಸೇಶನ್‌ನಂಥ, ಒಬ್ಬರಾದ ಮೇಲೆ ಒಬ್ಬರು ನಡೆಸುವ ಸರದಿ ಆಟ ನೋಡಿ, ಅಲ್ಲಿ ಅವಸರವಿಲ್ಲ. ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುತ್ತದೆ ಅಲ್ವಾ, ಸೆಟ್ಟಿಂಗ್ಸ್‌ನಲ್ಲಿ ಸಬ್‌ಟೈಟಲ್ ದೊಡ್ಡದು ಮಾಡಿಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ, ಆಗಾಗ ಸೇವ್ ಮಾಡಿ.