ಮಾಲ್ಡೀವ್ಸ್ ವಾಟರ್ ವಿಲ್ಲಾ: ಕಡಿಮೆ ರೇಟು ನಂಬಬಹುದಾ?

ಹನಿಮೂನಿಗೆ 4 ರಾತ್ರಿ ಮಾಲ್ಡೀವ್ಸ್‌ನ ವಾಟರ್ ವಿಲ್ಲಾದಲ್ಲಿ (ಸಮುದ್ರದ ನೀರ ಮೇಲೆ ಕಟ್ಟಿದ ಮನೆ) ಇರಬೇಕು, ದಾವಣಗೆರೆ ಏಜೆಂಟ್ ಹೇಳಿದ್ದಕ್ಕಿಂತ ಆನ್‌ಲೈನ್ ರೇಟು ತುಂಬಾ ಕಡಿಮೆ ಇದೆ, ನಂಬಬಹುದಾ ಅಂತ ಕೇಳಿದ್ದೀರಿ. ಅಷ್ಟು ಕಡಿಮೆ ಇದೆ ಅಂದ್ರೆ, ಬಹುಶಃ ಅದರಲ್ಲಿ ಸೀಪ್ಲೇನ್ (ನೀರ ಮೇಲೆ ಇಳಿಯುವ ಚಿಕ್ಕ ವಿಮಾನ) ಖರ್ಚು ಸೇರಿಲ್ಲ. ನಮಗೂ ಹಾಗೇ ಆಗಿತ್ತು. ಮಾಲ್ಡೀವ್ಸ್ ರಾಜಧಾನಿ ಮಾಲೆಯಿಂದ ರೆಸಾರ್ಟಿಗೆ ಹೋಗಿಬರುವ ಖರ್ಚು, ಸರ್ವೀಸ್ ಚಾರ್ಜ್, ಅಲ್ಲಿನ ಜಿಎಸ್‌ಟಿ, ಒಬ್ಬರಿಗೆ ದಿನಕ್ಕೆ 12 ಡಾಲರ್ ಗ್ರೀನ್ ಟ್ಯಾಕ್ಸ್ (ಪ್ರವಾಸಿಗರಿಗೆ ಅಲ್ಲಿನ ಸರ್ಕಾರ ಹಾಕುವ ತೆರಿಗೆ) ಎಲ್ಲಾ ಸೇರಿಸಿ ಎಷ್ಟು ಅಂತ ಏಜೆಂಟ್, ಆನ್‌ಲೈನಿನವರು ಇಬ್ಬರಿಂದಲೂ ಬರೆಸಿಕೊಳ್ಳಿ.

ಆಮೇಲೆ ಫ್ಲೈಟ್ ಟೈಮ್ ನೋಡಿ. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ಬೆಂಗಳೂರಿಂದ ಸಂಜೆ ತಲುಪುವ ಟಿಕೆಟ್ ತಗೊಂಡ್ರೆ ಮೊದಲ ರಾತ್ರಿ ಮಾಲೆಯಲ್ಲೇ ಕಳೀಬೇಕು, ವಿಲ್ಲಾ ದುಡ್ಡು ಸುಮ್ನೆ ದಂಡ. ಅಂಥ ಟಿಕೆಟ್ಟೇ ಸಿಕ್ಕಿದ್ರೆ ಕತ್ತಲಾದ ಮೇಲೂ ಸ್ಪೀಡ್‌ಬೋಟ್ ಹೋಗುವ ದ್ವೀಪ ಹಿಡಿಯಿರಿ.

4 ರಾತ್ರಿಯೂ ನೀರ ಮೇಲೆ ಬೇಡ. ಮೊದಲು 2 ಬೀಚ್ ವಿಲ್ಲಾ, ಕೊನೆಗೆ 2 ವಾಟರ್ ವಿಲ್ಲಾ ಸಾಕು. ಸ್ಪಾ ಪ್ಯಾಕೇಜನ್ನು ಈಗಲೇ ಕೊಳ್ಳಬೇಡಿ. ಹನಿಮೂನ್ ಅಂತ ರೆಸಾರ್ಟಿಗೆ ಮೇಲ್ ಮಾಡಿ, ಕೆಲವರು ಮಸಾಜ್ ಫ್ರೀ ಕೊಡ್ತಾರೆ. ಮದುವೆ ಸರ್ಟಿಫಿಕೇಟ್ ಕೇಳಬಹುದು, ಜೊತೆಗಿರಲಿ.